ಎರಡನೇ ಭಾಷೆಗೆ ಮೊದಲ ಭಾಷೆಯ ಅಳತೆಗೋಲು



ಈ ವಿಚಾರ ಸಂಕಿರಣದ ಆಶಯವನ್ನು ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಕನ್ನಡವನ್ನು ಎರಡನೆಯದೋ ಮೂರನೆಯದೋ ಭಾಷೆಯಾಗಿ ಕಲಿಯುವವರಿಗೆ ನಾವು ಇಂದಿಗೂ ಕೊಡುತ್ತಿರುವುದು ಮನೆಮಾತು ಕನ್ನಡವಾದವರ ಪ್ರಶ್ನೆಪತ್ರಿಕೆಯನ್ನೇ, ಸ್ವಲ್ಪ ಮೊಟಕುಗೊಳಿಸಿ. ಪಾಠ ಕಡಿಮೆ, ಪುಟ ಕಡಿಮೆ. ಪ್ರಶ್ನೆಗಳ ಜಾಡು ಮಾತ್ರ ಅದೇ. ಸಂಧಿ ಬಿಡಿಸಿ, ಸಮಾಸ ಹೆಸರಿಸಿ, ಕವಿಯ ಕಾಲ ದೇಶ ಬರೆಯಿರಿ. ಇಷ್ಟನ್ನು ಬರೆದು ಪಾಸಾದವರು ಊರಿನ ಬಸ್ಸಿನ ಬೋರ್ಡು ಓದಬಲ್ಲರೇ, ಅಜ್ಜಿಯ ಜತೆ ಫೋನಿನಲ್ಲಿ ಎರಡು ಮಾತಾಡಬಲ್ಲರೇ ಎಂಬುದು ನಮಗೆ ತಿಳಿಯುವುದೇ ಇಲ್ಲ.

ಇಂಥ ಚರ್ಚೆಗೆ ನಾವು ಸೇರಿರುವ ಮುಂಬಯಿಯ ಫೋರ್ಟ್‌ಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಪಶ್ಚಿಮ ಭಾರತದ ಆಧುನಿಕ ಪರೀಕ್ಷಾ ಪದ್ಧತಿಯೇ ಬೆಳೆದದ್ದು ಈ ಆವರಣದ ಸುತ್ತ. ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1857ರಲ್ಲಿ. ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆದದ್ದು 1859ರಲ್ಲಿ. ಮುಂದೆ ಸುಮಾರು ತೊಂಬತ್ತು ವರ್ಷ, ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೆ, ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಹುಡುಗರ ಭವಿಷ್ಯ ತೀರ್ಮಾನವಾಗುತ್ತಿದ್ದದ್ದು ಇಲ್ಲಿನ ಕಾಗದಪತ್ರಗಳಲ್ಲಿ. 1860ರ ದಶಕದಲ್ಲಿ ಈ ವಿಶ್ವವಿದ್ಯಾಲಯ ಮೆಟ್ರಿಕ್ ಮೇಲಿನ ಪರೀಕ್ಷೆಗಳಿಂದ ದೇಶಭಾಷೆಗಳನ್ನು ಕೈಬಿಟ್ಟು, ಸಂಸ್ಕೃತ, ಲ್ಯಾಟಿನ್‌ಗಳಂಥ ಶಾಸ್ತ್ರೀಯ ಭಾಷೆಗಳಿಗೆ ಆ ಸ್ಥಾನ ಕೊಟ್ಟಿತು. ಅವನ್ನು ಮತ್ತೆ ಒಳಗೆ ತರಲು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಬದುಕಿನ ಕೊನೆಯ ದಿನಗಳವರೆಗೂ ಹೆಣಗಬೇಕಾಯಿತು. ಪರೀಕ್ಷೆಗೆ ಇಲ್ಲದ ಭಾಷೆಯನ್ನು ಯಾರು ಓದುತ್ತಾರೆ, ಯಾರು ಕಲಿಸುತ್ತಾರೆ ಎಂಬುದೇ ಅವರ ಆತಂಕವಾಗಿತ್ತು. ಪರೀಕ್ಷೆ ಬೋಧನೆಯನ್ನು ತನ್ನತ್ತ ಎಳೆದುಕೊಳ್ಳುವ ಈ ಗುಣವನ್ನು ಭಾಷಾ ಪರೀಕ್ಷಾ ಶಾಸ್ತ್ರ ಇಂದು ವಾಶ್‌ಬ್ಯಾಕ್ ಎನ್ನುತ್ತದೆ. ಆಲ್ಡರ್ಸನ್ ಮತ್ತು ವಾಲ್ 1993ರಲ್ಲಿ ಅಂಥದೊಂದು ನಿಜಕ್ಕೂ ಇದೆಯೇ ಎಂದೇ ಪ್ರಶ್ನಿಸಿ, ಪುರಾವೆ ಕೇಳಿದರು. ನಮ್ಮ ಸಂಶೋಧನೆಗೂ ಅದೇ ದಾರಿ: ಊಹೆ ಬೇಡ, ತರಗತಿಗೆ ಹೋಗಿ ನೋಡೋಣ.

ಈ ಶಹರದಲ್ಲಿ ಕನ್ನಡ ಕಲಿಯುವವರು ಯಾರು? ಹಗಲಿಡೀ ಹೋಟೆಲಿನಲ್ಲಿ ದುಡಿದು ಸಂಜೆ ಫೋರ್ಟ್‌ನ ರಾತ್ರಿಶಾಲೆಯಲ್ಲಿ ಕೂತು ಕಲಿತ ಕರಾವಳಿಯ ಹುಡುಗರ ಕಾಲವೊಂದಿತ್ತು. ಅವರಲ್ಲಿ ಅನೇಕರ ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೂ ಕನ್ನಡ ಅವರಿಗೆ ಊರಿನ ಶಾಲೆಯ ಭಾಷೆಯಾಗಿತ್ತು. ಇಂದಿನ ಮೊಮ್ಮಕ್ಕಳಿಗೆ ಅದೂ ಇಲ್ಲ: ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಕಟ್ಟಡದ ಕೆಳಗೆ ಹಿಂದಿ, ಮರಾಠಿ. ಯಕ್ಷಗಾನದ ಮಾತು ಅರ್ಥವಾಗುತ್ತದೆ, ಆಮಂತ್ರಣ ಪತ್ರಿಕೆ ಓದಲು ಬರುವುದಿಲ್ಲ. ಅವರ ಪಕ್ಕದಲ್ಲೇ ಮರಾಠಿ ಮನೆಮಾತಿನ ಬ್ಯಾಂಕ್ ಅಧಿಕಾರಿ ಕೂತಿರುತ್ತಾರೆ, ಹುಬ್ಬಳ್ಳಿಗೆ ವರ್ಗವಾಗುವ ಮೊದಲು ನಾಲ್ಕಕ್ಷರ ಕಲಿಯೋಣವೆಂದು. ಇನ್ನೊಂದು ಕಡೆ ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಮಕ್ಕಳಿದ್ದಾರೆ. ಅವರಿಗೆ ಮರಾಠಿಯೇ ಕಲಿಯಬೇಕಾದ ಭಾಷೆ. ತುಳು ಮನೆಯ ಮೊಮ್ಮಗಳು ಕೇಳುವುದರಲ್ಲಿ ಮುಂದು, ಓದುವುದರಲ್ಲಿ ಹಿಂದು. ಅಧಿಕಾರಿಗೆ ದೇವನಾಗರಿ ಬರುವುದರಿಂದ ಕಾಗುಣಿತದ ಕ್ರಮ ಬೇಗ ಹಿಡಿಸುತ್ತದೆ, ಆದರೆ ವೇಗವಾಗಿ ಆಡಿದ ಮಾತು ತಲೆಯ ಮೇಲೆ ಹಾರಿಹೋಗುತ್ತದೆ. ಇಬ್ಬರಿಗೂ ಒಂದೇ ಪತ್ರಿಕೆ ಕೊಟ್ಟು, ಇಬ್ಬರಿಗೂ ನೂರಕ್ಕೆ ನಲವತ್ತೆಂಟು ಬಂದರೆ, ಆ ಸಂಖ್ಯೆ ಯಾರ ಬಗ್ಗೆ ಏನು ಹೇಳಿತು?

ತಪ್ಪುಗಳನ್ನೇ ಹತ್ತಿರದಿಂದ ನೋಡೋಣ. ಕಲಿಯುವವರೊಬ್ಬರು ‘ಅಜ್ಜಿ ಬಂದ’ ಎಂದು ಬರೆದರೆಂದುಕೊಳ್ಳಿ. ವ್ಯಾಕರಣ ತಪ್ಪು, ಸಂಗತಿ ಸ್ಪಷ್ಟ. ಮರಾಠಿಯಲ್ಲಿ ಕುರ್ಚಿ ಸ್ತ್ರೀಲಿಂಗ; ಆ ಬಲದಿಂದ ‘ಕುರ್ಚಿ ಮುರಿದಳು’ ಎಂದರೂ ನಾವು ನಕ್ಕು ಅರ್ಥ ಮಾಡಿಕೊಳ್ಳುತ್ತೇವೆ. ಆದರೆ ‘ಅಜ್ಜಿಗೆ ಹಣ ಕೊಟ್ಟರು’ ಎನ್ನಬೇಕಾದಲ್ಲಿ ‘ಅಜ್ಜಿ ಹಣ ಕೊಟ್ಟರು’ ಎಂದರೆ ಕೊಟ್ಟವರೂ ಪಡೆದವರೂ ಅದಲುಬದಲಾದರು. ಮೂರಕ್ಕೂ ಅರ್ಧ ಅಂಕ ಕಳೆಯುವುದು ನಮ್ಮ ರೂಢಿ. ಯಾವ ತಪ್ಪು ಕೇಳುಗರನ್ನು ದಾರಿ ತಪ್ಪಿಸುತ್ತದೆ, ಯಾವುದು ಕಿವಿಗೆ ಮಾತ್ರ ಚುಚ್ಚುತ್ತದೆ ಎಂಬುದನ್ನು ಕನ್ನಡಿಗರನ್ನೇ ಕೇಳಿ, ದಾಖಲಿಸಿ, ಶ್ರೇಣೀಕರಿಸುವ ಕೆಲಸ ಆಗಬೇಕು.

ಎರವಲು ತಂದ ಸಾಧನಗಳನ್ನೂ ಪರೀಕ್ಷಿಸಬೇಕು. 1953ರಲ್ಲಿ ವಿಲ್ಸನ್ ಟೇಲರ್ ರೂಪಿಸಿದ ಕ್ಲೋಜ್ ವಿಧಾನ ನಮಗೆಲ್ಲ ಪರಿಚಿತ: ಗದ್ಯಭಾಗದ ಪ್ರತಿ ಐದನೆಯದೋ ಏಳನೆಯದೋ ಪದ ತೆಗೆದು ಬಿಟ್ಟ ಸ್ಥಳ ತುಂಬಿಸುವುದು. ಇಂಗ್ಲಿಷಿನಲ್ಲಿ ಹೀಗೆ ಬಿಟ್ಟುಹೋಗುವುದು ಕೆಲವೊಮ್ಮೆ ಒಂದು ಪುಟ್ಟ ಅವ್ಯಯ. ಕನ್ನಡದಲ್ಲಿ ‘ತರಬೇಕಾಗಿತ್ತು’ ಎಂಬ ಪದ ಬಿಟ್ಟುಹೋದರೆ ಕ್ರಿಯೆ, ಅಗತ್ಯ, ಕಾಲ ಮೂರೂ ಒಟ್ಟಿಗೆ ಹೋಗುತ್ತವೆ. ‘ತರಬೇಕು’ ಎಂದು ಬರೆದವರಿಗೂ ಏನೂ ಬರೆಯದವರಿಗೂ ಸೊನ್ನೆಯೇ. ಪದದ ಬದಲು ಪ್ರತ್ಯಯವನ್ನು ಬಿಟ್ಟರೆ ಹೇಗೆ, ಭಾಗಶಃ ಅಂಕ ಕೊಟ್ಟರೆ ವಿಶ್ವಾಸಾರ್ಹತೆ ಹೆಚ್ಚುತ್ತದೆಯೇ? ಎಂ.ಎ. ವಿದ್ಯಾರ್ಥಿಯೊಬ್ಬರು ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಅಧ್ಯಯನ ಇದು.

ಇನ್ನು ಮೌಲ್ಯಮಾಪಕರ ಮಾತು, ಅಂದರೆ ನಮ್ಮದೇ ಮಾತು. ಭಾರತದಲ್ಲಿ ಹಾರ್ಟಾಗ್ ಸಮಿತಿಯಿಂದ ಪರಿಚಿತರಾದ ಫಿಲಿಪ್ ಹಾರ್ಟಾಗ್, ರೋಡ್ಸ್ ಅವರೊಡನೆ 1935ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇತಿಹಾಸದ 15 ಉತ್ತರಪತ್ರಿಕೆಗಳನ್ನು 14 ಪರೀಕ್ಷಕರು ಒಂದು ವರ್ಷಕ್ಕೂ ಮಿಕ್ಕಿದ ಅಂತರದಲ್ಲಿ ಎರಡು ಸಲ ತಿದ್ದಿದರು. ಒಟ್ಟು 210 ತೀರ್ಮಾನಗಳಲ್ಲಿ 92 ಬದಲಾದವು. ಪತ್ರಿಕೆ ಅದೇ, ತಿದ್ದಿದವರೂ ಅವರೇ. ಮೌಖಿಕ ಪರೀಕ್ಷೆಯಲ್ಲಿ ನಮಗೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಮುಂಬಯಿಯ ಕನ್ನಡ ಮೇಷ್ಟ್ರುಗಳಲ್ಲಿ ಕರಾವಳಿಯವರೂ ಇದ್ದಾರೆ, ಉತ್ತರ ಕರ್ನಾಟಕ, ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರೂ ಇದ್ದಾರೆ. ‘ಹೋಗ್ತೇನೆ’ ಒಬ್ಬರಿಗೆ ಸಹಜ, ‘ಹೊಂಟೀನಿ’ ಇನ್ನೊಬ್ಬರಿಗೆ ಸಹಜ. ಯಾವ ಕನ್ನಡಕ್ಕೆ ಅಂಕ ಎಂಬುದನ್ನು ಪರೀಕ್ಷೆಯ ಕೋಣೆಯಲ್ಲಿ ತೀರ್ಮಾನಿಸುವಂತಿಲ್ಲ, ನೀಲನಕ್ಷೆಯಲ್ಲೇ ಬರೆದಿಡಬೇಕು.

ದಕ್ಷಿಣ ಭಾರತದಲ್ಲೇ ನಡೆದ ಒಂದು ಪ್ರಯೋಗದಿಂದ ನಾವು ಕಲಿಯುವುದಿದೆ. ಎನ್.ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ ‘ಬೆಂಗಳೂರು ಪ್ರಾಜೆಕ್ಟ್’ ಜಗತ್ತಿನ ಭಾಷಾ ಬೋಧನೆಯ ಚರ್ಚೆಯಲ್ಲಿ ಇಂದಿಗೂ ಬರುವ ಹೆಸರು. ಪಾಠದಲ್ಲಿ ವ್ಯಾಕರಣ ಹೇಳಿಕೊಡದೆ, ನಕ್ಷೆ ಓದುವ, ರೈಲಿನ ವೇಳಾಪಟ್ಟಿ ಬಿಡಿಸುವಂಥ ಕೆಲಸಗಳ ಮೂಲಕ ಇಂಗ್ಲಿಷ್ ಕಲಿಸಿದ ಪ್ರಯೋಗ ಅದು. ಅದರ ಫಲ ಅಳೆಯಲು ಬಂದ ಬೆರೆಟ್ಟಾ ಮತ್ತು ಡೇವಿಸ್, ನಾಲ್ಕು ಶಾಲೆಗಳಲ್ಲಿ ಒಂದೇ ಪರೀಕ್ಷೆ ಕೊಡಲಿಲ್ಲ, ಐದು ಬಗೆಯವನ್ನು ಕೊಟ್ಟರು. ಒಟ್ಟಾರೆಯಾಗಿ ವ್ಯಾಕರಣ ರಚನೆಯ ಪರೀಕ್ಷೆ ಹಳೆಯ ಪದ್ಧತಿಯ ಮಕ್ಕಳ ಕಡೆಗೆ, ಕೆಲಸದ ಪರೀಕ್ಷೆ ಹೊಸ ಪದ್ಧತಿಯ ಮಕ್ಕಳ ಕಡೆಗೆ ವಾಲಿತು. ಉಕ್ತಲೇಖನದಂತೆ ಯಾವ ಪಕ್ಷಕ್ಕೂ ಸೇರದ ಪರೀಕ್ಷೆಗಳಲ್ಲಿ ಹೊಸ ಪದ್ಧತಿಯವರು ಮುಂದಿದ್ದರು. ಒಂದೇ ಪತ್ರಿಕೆ ಕೊಟ್ಟಿದ್ದರೆ ಗೆಲುವು ಯಾರದೆಂದು ಪತ್ರಿಕೆ ತಯಾರಿಸಿದವರೇ ಮೊದಲೇ ತೀರ್ಮಾನಿಸಿದಂತಾಗುತ್ತಿತ್ತು.

ಪತ್ರಿಕೆ ತಯಾರಿಸುವುದೆಂದರೆ ಅಧಿಕಾರ ಚಲಾಯಿಸುವುದು. ಇಸ್ರೇಲಿನ ವಿದ್ವಾಂಸೆ ಎಲಾನಾ ಶೋಹಾಮಿ 2001ರ ತಮ್ಮ ಪುಸ್ತಕದಲ್ಲಿ ಹೇಳಿದ್ದು ಇದನ್ನೇ. ನಮಗೆ ಉದಾಹರಣೆ ಇಲ್ಲೇ ಇದೆ. ಆಟೋರಿಕ್ಷಾ ಪರ್ಮಿಟ್ಟಿಗೆ ಮರಾಠಿ ಜ್ಞಾನ ಕಡ್ಡಾಯವೆಂದು 2016ರಲ್ಲಿ ಹೊರಟ ಸುತ್ತೋಲೆಯನ್ನು ಬಾಂಬೆ ಹೈಕೋರ್ಟ್ 2017ರಲ್ಲಿ ರದ್ದುಮಾಡಿತು. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವಿದೆ, ಮಹಾರಾಷ್ಟ್ರದಲ್ಲಿ 2020ರ ಮರಾಠಿ ಕಡ್ಡಾಯ ಅಧಿನಿಯಮವಿದೆ. ಎರಡರ ಉದ್ದೇಶವನ್ನೂ ನಾನು ಗೌರವಿಸುತ್ತೇನೆ. ಆದರೆ ಕಡ್ಡಾಯದ ಕೊನೆಯಲ್ಲಿ ಒಂದು ಪರೀಕ್ಷೆ ಬಂದೇ ಬರುತ್ತದೆ. ಆ ಪರೀಕ್ಷೆ ಕೆಟ್ಟದಾಗಿದ್ದರೆ ಮಗುವಿಗೆ ಹುಟ್ಟುವುದು ಭಾಷೆಯ ಮೇಲೆ ಪ್ರೀತಿಯಲ್ಲ, ಭಯ. ಬೆಂಗಳೂರಿನಲ್ಲಿ ಕನ್ನಡ ಕಲಿಯುವ ಮರಾಠಿ ಮಗುವಿಗೆ ನಾವು ಬಯಸುವ ನ್ಯಾಯ, ಮುಂಬಯಿಯಲ್ಲಿ ಮರಾಠಿ ಕಲಿಯುವ ಕನ್ನಡದ ಮಗುವಿಗೆ ಕೇಳುವ ನ್ಯಾಯವೂ ಹೌದು.

ಹಾಗಾದರೆ ಈ ಸಂಕಿರಣದಿಂದ ನಾನು ನಿರೀಕ್ಷಿಸುವುದೇನು? ಮೊದಲನೆಯದು, ತರಗತಿಗೆ ಸೇರಿಸಿಕೊಳ್ಳುವಾಗಲೇ ಮನೆಯಲ್ಲಿ ಕನ್ನಡ ಕೇಳಿ ಬೆಳೆದವರನ್ನೂ ಹೊಸಬರನ್ನೂ ಗುರುತಿಸುವ ಒಂದು ಚಿಕ್ಕ ಪ್ರವೇಶ ಪರೀಕ್ಷೆ. ಎರಡನೆಯದು, ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ನಾಲ್ಕಕ್ಕೂ ಬೇರೆ ಬೇರೆ ವಿವರಣೆಯಿರುವ ಫಲಿತಾಂಶ ಪತ್ರ. ಯುರೋಪಿನವರು 2001ರಲ್ಲಿ ಹೊರತಂದ ಆರು ಹಂತಗಳ ಚೌಕಟ್ಟನ್ನು ನಕಲು ಮಾಡುವುದು ಬೇಡ, ನಮ್ಮ ಕಲಿಕೆದಾರರ ಅಗತ್ಯದಿಂದ ಹಂತಗಳನ್ನು ಕಟ್ಟೋಣ. ಮೂರನೆಯದು, ಹೆಸರು ಮರೆಮಾಚಿದ ಉತ್ತರಪತ್ರಿಕೆಗಳ ಮತ್ತು ಧ್ವನಿಮುದ್ರಣಗಳ ಒಂದು ಸಾಮಾನ್ಯ ಭಂಡಾರ. ಮೈಸೂರಿನ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ ಹೊರರಾಜ್ಯದ ಶಿಕ್ಷಕರಿಗೆ ಹತ್ತು ತಿಂಗಳ ಕನ್ನಡ ತರಬೇತಿ ಕೊಡುತ್ತಾ ಬಂದಿದೆ. ಆ ಅನುಭವವನ್ನು ಮುಂಬಯಿಯ ತರಗತಿಗಳೊಡನೆ ಜೋಡಿಸಬಹುದು.

ಮಧ್ಯಾಹ್ನದ ಗೋಷ್ಠಿಗಳಲ್ಲಿ ಪ್ರಬಂಧ ಮಂಡಿಸುವವರಿಗೆ ನನ್ನದೊಂದೇ ಕೋರಿಕೆ. ನಿಮ್ಮ ವಿಭಾಗದ ಕಳೆದ ವರ್ಷದ ಪ್ರಶ್ನೆಪತ್ರಿಕೆಯನ್ನು ಎದುರಿಗಿಟ್ಟುಕೊಂಡು, ಒಂದೊಂದು ಪ್ರಶ್ನೆಯ ಪಕ್ಕದಲ್ಲೂ ಇದಕ್ಕೆ ಉತ್ತರ ಬರೆದವರಿಗೆ ಕನ್ನಡದಲ್ಲಿ ಯಾವ ಕೆಲಸ ಮಾಡಲು ಬರುತ್ತದೆ ಎಂದು ಬರೆಯಿರಿ. ಬರೆಯಲು ಏನೂ ತೋಚದ ಪ್ರಶ್ನೆಗಳನ್ನು ಮುಂದಿನ ಪರೀಕ್ಷೆಯಿಂದ ಕೈಬಿಡೋಣ. ಅಷ್ಟಾದರೂ ನಿರ್ಣಯವಾದರೆ ಈ ಎರಡು ದಿನ ಸಾರ್ಥಕ.