ಮೊದಲು ಫೋನ್ ಮಾಡಿ, ಆಮೇಲೆ ಬಸ್ ಹತ್ತಿ

ಬೀದರ್, ಯಾದಗಿರಿ, ರಾಯಚೂರಿನ ಗೆಳೆಯರೇ, ಗೆಳತಿಯರೇ, ಪದವಿ ಮುಗಿಸಿ ಮನೆಯಲ್ಲಿ ಕೂತ ನಿಮಗೆ ಬೆಂಗಳೂರಿನಿಂದ ಇಂಟರ್‌ವ್ಯೂ ಕರೆ ಬಂದಿದೆ ಎಂದುಕೊಳ್ಳಿ. ಬೀದರ್‌ನಿಂದ ಹೆಚ್ಚುಕಡಿಮೆ 700 ಕಿಲೋಮೀಟರ್, ಇಡೀ ರಾತ್ರಿಯ ಪ್ರಯಾಣ. "ಅಷ್ಟು ದೂರ ಹೋಗಿ ಬರಿಗೈಲಿ ಬಂದ್ರೆ?" ಎಂದು ಮನೆಯಲ್ಲಿ ಒಬ್ಬರಾದರೂ ಕೇಳುತ್ತಾರೆ. ಆ ಒಂದು ಮಾತಿಗೆ ಎಷ್ಟೋ ಜಾಣ ಮಕ್ಕಳು ಊರಲ್ಲೇ ಉಳಿದುಬಿಡುತ್ತಾರೆ. ನನಗೆ ಸಂಕಟವಾಗುವುದು ಇದಕ್ಕೇ.

ಹೋಗಬೇಕೋ ಬೇಡವೋ ಎಂಬುದನ್ನು ಕಿಲೋಮೀಟರ್ ನೋಡಿ ತೀರ್ಮಾನಿಸಬೇಡಿ, ಕೆಲಸ ನೋಡಿ ತೀರ್ಮಾನಿಸಿ. ಕೆಲಸ ಎಂಥದ್ದು ಎಂದು ತಿಳಿಯಬೇಕಾದರೆ ಬಾಯಿಬಿಟ್ಟು ಕೇಳಲೇಬೇಕು. ನಮ್ಮ ಹುಡುಗರು ಸೋಲುವುದು ಇಲ್ಲೇ. ಕೇಳಿದರೆ ಏನಂದುಕೊಳ್ಳುತ್ತಾರೋ, ಕರೆದದ್ದನ್ನೇ ರದ್ದು ಮಾಡಿಬಿಟ್ಟರೆ ಎಂಬ ಅಂಜಿಕೆ. ಅಂಜಬೇಡಿ. "ಮೇಡಂ, ನಾನು ಬೀದರ್‌ನಿಂದ ಬರಬೇಕು. ಮೊದಲ ಸುತ್ತು ವಿಡಿಯೊ ಕಾಲ್‌ನಲ್ಲಿ ಮುಗಿಸಬಹುದಾ? ಉಳಿದ ಸುತ್ತುಗಳು ಒಂದೇ ದಿನ ಆಗುತ್ತವಾ? ಸಂಬಳ ಎಷ್ಟರ ಆಸುಪಾಸು?" ಇಷ್ಟು ಕೇಳಲು ಎರಡು ನಿಮಿಷ ಸಾಕು. ಒಳ್ಳೆಯ ಕಂಪನಿಯವರು ಇದಕ್ಕೆ ಸಿಟ್ಟಾಗುವುದಿಲ್ಲ, ಹುಡುಗ ಲೆಕ್ಕಾಚಾರದವನು ಎಂದುಕೊಳ್ಳುತ್ತಾರೆ. ಹೇಳಿದ ಸಂಬಳದಲ್ಲಿ ಪಿ.ಜಿ. ಬಾಡಿಗೆ, ಊಟ, ಓಡಾಟ ಕಳೆದು ಏನುಳಿಯುತ್ತದೆ ಎಂದು ಹಾಳೆಯ ಮೇಲೆ ಬರೆದು ನೋಡಿ. ಏನೂ ಉಳಿಯದಿದ್ದರೂ ಕಲಿಯಲು ಸಿಗುವುದು ದೊಡ್ಡದಾಗಿದ್ದರೆ ಹೋಗಿ. ಎರಡೂ ಇಲ್ಲದಿದ್ದರೆ ಧೈರ್ಯವಾಗಿ ಬೇಡ ಎನ್ನಿ.

ಇಂಟರ್‌ವ್ಯೂಗೆ ಮುಂಚೆ ನೋಂದಣಿ ಶುಲ್ಕ, ಠೇವಣಿ ಎಂದು ಯಾರಾದರೂ ದುಡ್ಡು ಕೇಳಿದರೋ, ಫೋನ್ ಇಟ್ಟುಬಿಡಿ. ಕೇಂದ್ರ ಸರ್ಕಾರ 2016ರ ಜನವರಿಯಿಂದಲೇ ಗ್ರೂಪ್ 'ಸಿ' ಹುದ್ದೆಗಳಿಗೆ ಸಂದರ್ಶನ ನಿಲ್ಲಿಸಿದೆ. ಆ ಹುದ್ದೆ ಕೊಡಿಸುತ್ತೇನೆ, ಸಂದರ್ಶನಕ್ಕೆ ದೆಹಲಿಗೆ ಬಾ ಎನ್ನುವವನು ಮೋಸಗಾರ.

ಕೆಲಸ ನಿಜ, ಕಂಪನಿ ನಿಜ ಎಂದು ಖಾತ್ರಿಯಾಯಿತೇ? ಇನ್ನು ತಡ ಮಾಡಬೇಡಿ, ಎದ್ದು ಹೊರಡಿ! ದುಡ್ಡಿಲ್ಲ ಎಂದು ಕೂರಬೇಡಿ, ದಾರಿಗಳಿವೆ. ಎಷ್ಟೋ ಸಾರ್ವಜನಿಕ ಉದ್ದಿಮೆಗಳು ಸಂದರ್ಶನಕ್ಕೆ ದೂರದಿಂದ ಬಂದವರಿಗೆ ರೈಲು ದರ ಮರಳಿಸುತ್ತವೆ. ಕರೆಪತ್ರವನ್ನು ಕೊನೆಯ ಸಾಲಿನವರೆಗೂ ಓದಿ, ಟಿಕೆಟ್ ಜೋಪಾನವಾಗಿಡಿ. ರೈಲ್ವೆ ನೇಮಕಾತಿ ಪರೀಕ್ಷೆಗೆ ಹೋಗುವ ಪರಿಶಿಷ್ಟ ಜಾತಿ, ಪಂಗಡದ ಅಭ್ಯರ್ಥಿಗಳಿಗೆ ಸ್ಲೀಪರ್ ದರ್ಜೆಯ ಉಚಿತ ಪಾಸ್ ಇದೆ. ಅದು ನಿಮ್ಮ ಹಕ್ಕು, ಸಂಕೋಚವಿಲ್ಲದೆ ಪಡೆಯಿರಿ.

ಆಗುವುದಾದರೆ ಹಿಂದಿನ ದಿನವೇ ತಲುಪಿ. ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ನಿದ್ದೆಗೆಟ್ಟ ಕಣ್ಣಲ್ಲಿ, ಮುದುಡಿದ ಅಂಗಿಯಲ್ಲಿ ವೈಟ್‌ಫೀಲ್ಡ್‌ಗೆ ಓಡುವವನಿಗೆ ಗೊತ್ತಿರುವ ಉತ್ತರವೂ ಬಾಯಿಗೆ ಬರುವುದಿಲ್ಲ. ಪರಿಚಯದವರ ರೂಮಿನ ಮೂಲೆಯಲ್ಲಿ ಒಂದು ಚಾಪೆ ಸಿಕ್ಕರೂ ಸಾಕು. ಮೂಲ ಅಂಕಪಟ್ಟಿಗಳ ಫೈಲು ಬ್ಯಾಗಿನ ತಳಕ್ಕೆ ತುರುಕಬೇಡಿ, ಕೈಯಲ್ಲೇ ಇರಲಿ.

ಹೆಣ್ಣುಮಕ್ಕಳ ಅಪ್ಪ, ಅಮ್ಮಂದಿರೇ, ನಿಮಗೂ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ಮಗಳ ಜೊತೆಗೆ ತಾಯಿಯೂ ಹೋಗಿಬರಬಹುದು. "ಒಬ್ಬಳೇ ಹೇಗೆ ಕಳಿಸೋದು" ಎಂದು ಕರೆಪತ್ರವನ್ನು ಮಡಚಿಡಬೇಡಿ. ಬಸ್ಸು ಎಷ್ಟು ಹೊತ್ತಿಗೆ ಎಂದು ಇವತ್ತೇ ಡಿಪೊದಲ್ಲಿ ವಿಚಾರಿಸಿ.