ಕರಿಕಲ್ಲಿನ ಅಡಿಯ ಬೆಟ್ಟಗಳು



ಈ ಶಿಲಾ ಪ್ರದರ್ಶನವನ್ನು ಬಹಳ ಸಂತೋಷದಿಂದ ಉದ್ಘಾಟಿಸಿದ್ದೇನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಮ್ಮ ಭಾಗದಲ್ಲಿ ಬಾವಿ ತೋಡಿದರೆ ಸಿಗುವುದು ಎರೆಮಣ್ಣು, ಗರಸು, ಆಮೇಲೆ ಲಾವಾ ಆರಿ ಆದ ಕರಿಕಲ್ಲು. ಕೆಲವು ಹಳೆಯ ಬಾವಿಗಳ ಗೋಡೆಯಲ್ಲಿ ಎರಡು ಕರಿಕಲ್ಲುಗಳ ನಡುವೆ ಇಟ್ಟಿಗೆ ಬಣ್ಣದ ತೆಳುಪದರ ಕಾಣುತ್ತದೆ. ಒಂದು ಲಾವಾ ಆರಿ, ಅದರ ಮೈ ಮಣ್ಣಾಗತೊಡಗಿದಾಗ ಇನ್ನೊಂದು ಬಂದು ಮುಚ್ಚಿದ ಗುರುತು ಅದು. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಮಾತು.

ನಮ್ಮ ನೆಲಕ್ಕೆ ಅದು ತೀರ ಈಚಿನದು. ಬಾಗಲಕೋಟೆ ಕಡೆ ಹೋದರೆ ಕಲಾದಗಿಯ ಹಳೆಯ ಶಿಲಾಪದರಗಳು ಮಡಿಕೆಬಿದ್ದು ಓರೆಯಾಗಿ ನಿಂತಿವೆ. ಅವುಗಳ ಮೇಲೆ ಬಾದಾಮಿಯ ಮರಳುಗಲ್ಲು ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿದೆ. ಹಾಗಾದರೆ ನೆಲವನ್ನು ಅದುಮಿ ಮಡಚಿದ ಒತ್ತಡ ಈ ಎರಡರ ನಡುವಿನ ಕಾಲದ್ದು. ಇಷ್ಟು ತಿಳಿಯಲು ಸುತ್ತಿಗೆ, ದಿಕ್ಸೂಚಿ, ನಕ್ಷೆ ಮತ್ತು ನಡೆಯುವ ಕಾಲು ಸಾಕು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಮ್ಮ ಭಾಗವೂ ಸೇರಿದ ದಕ್ಷಿಣ ಮರಾಠಾ ಸೀಮೆಯ ಭೂವಿಜ್ಞಾನವನ್ನು ಹೀಗೆಯೇ ನೋಡಿ ಬರೆದು 1876ರಲ್ಲಿ ಪ್ರಕಟಿಸಿದರು.

ಇನ್ನೂ ಹಳೆಯದು ಧಾರವಾಡದ ಶಿಲೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಆ ಶಿಲೆಯಿರುವ ಪ್ರಾಚೀನ ನೆಲದ ಪೂರ್ವ, ಪಶ್ಚಿಮ ಭಾಗಗಳು ಬೆಸೆದುಕೊಂಡವು ಎನ್ನುತ್ತಾರೆ ತಜ್ಞರು. ಧಾರವಾಡದ ಶಿಲೆಯ ಪಟ್ಟಿಗಳು ವಾಯವ್ಯಕ್ಕೆ ಸಾಗಿ ಕರಿಕಲ್ಲಿನ ಅಡಿ ಮರೆಯಾಗುತ್ತವೆ. ಕೊಯ್ನಾದಲ್ಲಿ ಭೂಕಂಪದ ಅಧ್ಯಯನಕ್ಕೆ ಕೊರೆದಾಗ ಸುಮಾರು 930 ಮೀಟರ್ ಕರಿಕಲ್ಲು ದಾಟಿದ ಮೇಲೆ ಗ್ರಾನೈಟ್ ಜಾತಿಯ ಹಳೆಯ ಕಲ್ಲು ಸಿಕ್ಕಿತು. ಎಲ್ಲೆಡೆ ಹಾಗೆ ಕೊರೆಯಲಾದೀತೆ?

ಆಗ ಬೇಕಾಗುವುದು, ಕೊರೆಯದೆ ನೆಲದ ಮೇಲಿನಿಂದಲೇ ಕಾಂತಕ್ಷೇತ್ರವನ್ನು ಅಳೆಯುವ ಕಾಂತೀಯ ಸಮೀಕ್ಷೆ. ಅಳೆಯುವವರು ಕೈಗಡಿಯಾರ, ಕೀಲಿಕೈ, ಮೊಬೈಲ್ ತೆಗೆದಿಟ್ಟು, ವಿದ್ಯುತ್ ಕಂಬ, ಪಂಪ್‌ಸೆಟ್, ಚಕ್ಕಡಿಯ ಕಬ್ಬಿಣದ ಪಟ್ಟಿಗಳಿಂದ ದೂರ ಸರಿದು ಹೆಜ್ಜೆಹೆಜ್ಜೆಗೂ ಅಂಕಿ ಬರೆದುಕೊಳ್ಳುತ್ತಾರೆ. ಕರಿಕಲ್ಲು ತಾನೇ ಅಯಸ್ಕಾಂತೀಯ. ಅದೇ ದೊಡ್ಡ ತೊಡಕು. ಮೇಲಿನ ಕಲ್ಲಿನಿಂದ ಅಂಕಿಗಳು ಗಡಿಬಿಡಿಯಾಗಿ ಏರಿಳಿಯುತ್ತವೆ, ಆಳದ ಶಿಲೆಯಿಂದ ಅಗಲವಾಗಿ, ನಿಧಾನವಾಗಿ. ಎರಡನ್ನೂ ಬೇರ್ಪಡಿಸುವುದೇ ನಿಜವಾದ ಕೆಲಸ. ಆದರೂ ಹೊರಗೆ ತೆರೆದುಬಿದ್ದ ಬಂಡೆಯ ನಕ್ಷೆ ಜೊತೆಗಿಲ್ಲದಿದ್ದರೆ ಆ ಅಂಕಿಗಳಿಂದ ಖಚಿತ ಅರ್ಥ ಹೊರಡದು ಎಂಬುದು ನನ್ನ ದೃಢ ನಂಬಿಕೆ.

ಅಡಿಯ ಕಲ್ಲನ್ನು ತಿಳಿಯಲು ರೈತ ಬಂಧುಗಳ ನೆರವೂ ಬೇಕು, ಅವರಲ್ಲಿ ಒಂದು ವಿನಂತಿ. ಬೋರ್ ಕೊರೆಸುವಾಗ ಹೊರಬರುವ ಕಲ್ಲಿನ ಪುಡಿಯನ್ನು ಚೆಲ್ಲಬೇಡಿ. ಹತ್ತಿಪ್ಪತ್ತು ಅಡಿಗೊಮ್ಮೆ ಒಂದು ಹಿಡಿ ಚೀಲದಲ್ಲಿ ಕಟ್ಟಿ, ಆಳ ಮತ್ತು ಊರು ಬರೆದು, ಹತ್ತಿರದ ಕಾಲೇಜಿಗೆ ಕೊಡಿ.