ಸಿಹಿಯ ಜಗಳ ಮತ್ತು ನಮ್ಮ ಬೆಲ್ಲದ ಬಣ್ಣ

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಆಹಾರದಲ್ಲಿ ಬೆರೆಸುವ ರಾಸಾಯನಿಕಗಳು ಎಂಬ ವಿಷಯ ಈ ದಿನ ನಮ್ಮ ಪಾಲಿಗೆ ಬಂದಿದೆ. ಸಾಲ, ಬಡ್ಡಿ, ಷೇರು, ಗೊಬ್ಬರದ ಮಾತು ಬೆಳಗಿನಿಂದ ಸಾಕಷ್ಟು ಆಯಿತು. ಒಳಗೆ ಅಡುಗೆಯವರು ಪಾಯಸ ಇಳಿಸುತ್ತಿದ್ದಾರೆ, ಪರಿಮಳ ಇಲ್ಲಿಗೂ ಬರುತ್ತಿದೆ. ಇಂಥ ಹೊತ್ತಿನಲ್ಲಿ ತಿನ್ನುವ ಪದಾರ್ಥದಲ್ಲಿ ಏನೇನು ಕೂಡಿದೆ ಅಂತ ಹೇಳಲು ನಿಂತಿದ್ದೇವೆ. ಸ್ವಲ್ಪ ತಾಳ್ಮೆ ಇರಲಿ.

ನಮ್ಮಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಈಗ ಹುಡುಕಬೇಕು. ಕಾಫಿಗೆ ಸಕ್ಕರೆ ಬದಲು ಸಣ್ಣ ಗುಳಿಗೆ ಹಾಕಿಕೊಳ್ಳುವವರು ಈ ಸಭೆಯಲ್ಲೂ ಇದ್ದಾರೆ. ಅವರ ಮುಂದೆ ಒಬ್ಬರು ಬಂದು "ಅದನ್ನ ತಿಂದ್ರೆ ಕ್ಯಾನ್ಸರ್ ಬರುತ್ತಂತೆ" ಅನ್ನುತ್ತಾರೆ. ಇನ್ನೊಬ್ಬರು "ಸರ್ಕಾರವೇ ಒಪ್ಪಿರೋವಾಗ ನಿಮಗ್ಯಾಕ್ರೀ ಚಿಂತೆ" ಅನ್ನುತ್ತಾರೆ. ಇಬ್ಬರೂ ಹೇಳುವುದರಲ್ಲಿ ಅಷ್ಟಿಷ್ಟು ನಿಜ ಇದೆ. ಈ ಜಗಳ ನಿನ್ನೆ ಮೊನ್ನೆಯದಲ್ಲ, ನೂರು ವರ್ಷ ದಾಟಿದ್ದು. ಅದರ ಕಥೆಯನ್ನು ಮೊದಲು ಹೇಳಿಬಿಡುತ್ತೇವೆ.

1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಎಂಬ ರಸಾಯನ ವಿಜ್ಞಾನಿ ಕಲ್ಲಿದ್ದಲಿನ ಡಾಂಬರಿನಿಂದ ಬರುವ ವಸ್ತುಗಳ ಮೇಲೆ ಕೆಲಸ ಮಾಡುತ್ತಿದ್ದ. ಸಂಜೆ ಊಟಕ್ಕೆ ಕುಳಿತಾಗ ರೊಟ್ಟಿ ವಿಪರೀತ ಸಿಹಿ ಅನ್ನಿಸಿತಂತೆ. ಕೈಗೆ ಅಂಟಿದ್ದ ಪುಡಿಯ ಮಹಿಮೆ ಅದು. ಅದೇ ಸ್ಯಾಕರೀನ್. ಸಕ್ಕರೆಗಿಂತ 300ರಿಂದ 500 ಪಟ್ಟು ಸಿಹಿ. ಕೈ ತೊಳೆಯದೆ ಊಟಕ್ಕೆ ಕೂತವನಿಂದ ಲೋಕಕ್ಕೆ ಒಂದು ಉದ್ಯಮವೇ ಸಿಕ್ಕಿತು! (ಮಕ್ಕಳು ಇದನ್ನು ಮಾದರಿಯಾಗಿ ತೆಗೆದುಕೊಳ್ಳಬಾರದು.)

ಅಗ್ಗದ ಸಿಹಿ ಅಂದಮೇಲೆ ತಯಾರಕರು ಬಿಡುತ್ತಾರೆಯೇ? ಡಬ್ಬಿಯಲ್ಲಿ ತುಂಬಿ ಮಾರುವ ಜೋಳಕ್ಕೂ ಸಕ್ಕರೆ ಬದಲು ಅದನ್ನೇ ಹಾಕತೊಡಗಿದರು. ಆಗ ಅಮೆರಿಕ ಸರ್ಕಾರದಲ್ಲಿ ಆಹಾರದ ಶುದ್ಧತೆ ನೋಡಿಕೊಳ್ಳುತ್ತಿದ್ದವರು ಹಾರ್ವಿ ವೈಲಿ ಎಂಬ ಅಧಿಕಾರಿ. ಅವರು ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರ ಎದುರು, ಈ ಜೋಳ ತಿಂದವನು ಸಕ್ಕರೆ ತಿನ್ನುತ್ತಿದ್ದೇನೆ ಅಂದುಕೊಂಡು ಡಾಂಬರಿನ ಪದಾರ್ಥ ತಿನ್ನುತ್ತಿದ್ದಾನೆ, ಅದು ಮೋಸ, ಆರೋಗ್ಯಕ್ಕೂ ಕೆಡುಕು ಎಂದರು. ರೂಸ್‌ವೆಲ್ಟರಿಗೆ ಕೆಂಡದಂಥ ಕೋಪ ಬಂತು. ಅವರಿಗೆ ಅವರ ವೈದ್ಯರೇ ದಿನಾ ಸ್ಯಾಕರೀನ್ ಕೊಡುತ್ತಿದ್ದರು! ಅದು ಕೆಡುಕು ಎನ್ನುವವನು ದಡ್ಡ ಎಂಬ ಅರ್ಥದಲ್ಲಿ ಬೈದುಬಿಟ್ಟರು. ಇಲ್ಲಿ ಒಂದು ಸೂಕ್ಷ್ಮ ಇದೆ. ವೈಲಿ ಎತ್ತಿದ್ದು ಎರಡು ದೂರು. ಒಂದು, ಅದು ವಿಷವೋ ಅಲ್ಲವೋ ಎಂಬುದು. ಇನ್ನೊಂದು, ತಿನ್ನುವವನಿಗೆ ಹೇಳದೆ ಬೆರೆಸಿದ್ದು. ಮೊದಲನೆಯದರ ಮೇಲೆ ನೂರು ವರ್ಷ ಜಗಳ ನಡೆಯಿತು. ಎರಡನೆಯದು ಮೋಸ ಎಂಬುದಕ್ಕೆ ಪ್ರಯೋಗಾಲಯವೇ ಬೇಕಿರಲಿಲ್ಲ, ಆದರೆ ಕೋಪದ ಗದ್ದಲದಲ್ಲಿ ಅದು ಮರೆತೇಹೋಯಿತು.

1977ರಲ್ಲಿ ಕೆನಡಾ ದೇಶದ ವಿಜ್ಞಾನಿಗಳು ಇಲಿಗಳಿಗೆ ಸ್ಯಾಕರೀನ್ ತಿನ್ನಿಸಿ ನೋಡಿದಾಗ ಗಂಡು ಇಲಿಗಳ ಮೂತ್ರಕೋಶದಲ್ಲಿ ಗಂತಿಗಳು ಕಂಡವು. ಅಮೆರಿಕ ಅದನ್ನು ನಿಷೇಧಿಸಲು ಹೊರಟಿತು. ಜನ ಗಲಾಟೆ ಮಾಡಿದ್ದರಿಂದ ನಿಷೇಧ ನಿಂತು, ಪೊಟ್ಟಣದ ಮೇಲೆ ಎಚ್ಚರಿಕೆಯ ಮಾತು ಮಾತ್ರ ಬಂತು. ಆ ಇಲಿಗಳಿಗೆ ಎಷ್ಟು ಕೊಟ್ಟಿದ್ದರು ಗೊತ್ತೇ? ತಿನ್ನುವ ಆಹಾರದಲ್ಲಿ ನೂರಕ್ಕೆ 5 ಪಾಲು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ದಿನಕ್ಕೆ ಒಂದು ಕೆ.ಜಿ. ಆಹಾರ ತಿನ್ನುವ ಮನುಷ್ಯ 50 ಗ್ರಾಂ ಸ್ಯಾಕರೀನ್ ನುಂಗಿದ ಹಾಗೆ. ಅಷ್ಟು ಸಿಹಿಯನ್ನು ಸಕ್ಕರೆಯಿಂದ ಪಡೆಯಬೇಕಾದರೆ 15 ಕೆ.ಜಿ.ಗೂ ಮೇಲೆ ಬೇಕು. ಆ ಇಲಿಗಳ ಮೂತ್ರದಲ್ಲಿ ಹರಳುಗಟ್ಟಿ ಮೂತ್ರಕೋಶ ಕೆರಳುತ್ತಿತ್ತು, ಮನುಷ್ಯರಲ್ಲಿ ಹಾಗೆ ಆಗುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. 2000ದಲ್ಲಿ, ಅಂದರೆ ನಮ್ಮ ಸಂಘ ಕಣ್ಣುಬಿಡುತ್ತಿದ್ದ ಆಸುಪಾಸಿನಲ್ಲೇ, ಅಮೆರಿಕ ಸ್ಯಾಕರೀನನ್ನು ಕ್ಯಾನ್ಸರ್ ಪಟ್ಟಿಯಿಂದ ಕೈಬಿಟ್ಟಿತು, ಎಚ್ಚರಿಕೆಯ ಮಾತನ್ನೂ ತೆಗೆಯಿತು. ಸೈಕ್ಲಮೇಟ್ ಎಂಬ ಇನ್ನೊಂದು ಸಿಹಿಯನ್ನು ಅದೇ ಅಮೆರಿಕ 1969ರಲ್ಲಿ ನಿಷೇಧಿಸಿತು, ಯುರೋಪಿನಲ್ಲಿ ಅದಕ್ಕೆ ಈಗಲೂ ಒಪ್ಪಿಗೆ ಇದೆ.

ಈಚಿನ ಗಲಾಟೆ ಆಸ್ಪರ್ಟೇಮ್ ಎಂಬುದರದು. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಎರಡು ಮಂಡಳಿಗಳು ಒಂದೇ ದಿನ ಮಾತಾಡಿದವು. ಕ್ಯಾನ್ಸರ್ ಸಂಶೋಧನಾ ಮಂಡಳಿ ಇದು ಕ್ಯಾನ್ಸರ್ ತರಬಹುದಾದ ಸಾಧ್ಯತೆ ಇರುವ ವಸ್ತು ಎಂದಿತು. ಆಹಾರದಲ್ಲಿ ಬೆರೆಸುವ ವಸ್ತುಗಳನ್ನು ತೂಗಿ ನೋಡುವ ತಜ್ಞರ ಸಮಿತಿ, ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 40 ಮಿಲಿಗ್ರಾಂ ತನಕ ಸೇವಿಸಬಹುದು, ಹಳೆಯ ಮಿತಿ ಬದಲಿಸಬೇಕಾಗಿಲ್ಲ ಎಂದಿತು. ಒಂದೇ ಮನೆಯ ಅಣ್ಣತಮ್ಮ ಬೇರೆ ಬೇರೆ ಮಾತಾಡಿದಂತೆ ಕಾಣುತ್ತದೆ. ಆದರೆ ಅವರಿಗೆ ಹಾಕಿದ ಪ್ರಶ್ನೆಯೇ ಬೇರೆ ಬೇರೆ. ಮೊದಲನೆಯವರು ಕೇಳಿಕೊಂಡದ್ದು ಈ ವಸ್ತುವಿಗೆ ಕೆಡುಕು ಮಾಡುವ ಗುಣ ಇದ್ದೀತೇ ಎಂದು. ಲೋಳೆಸರದ ಇಡೀ ಎಲೆಯ ಸಾರ ಕೂಡ ಅವರ ಅದೇ ಪಟ್ಟಿಯಲ್ಲಿದೆ. ಎರಡನೆಯವರು ಕೇಳಿಕೊಂಡದ್ದು ಎಷ್ಟು ತಿಂದರೆ ಎಂದು. 70 ಕೆ.ಜಿ. ತೂಕದವನು ಆ ಮಿತಿ ದಾಟಬೇಕಾದರೆ ದಿನಕ್ಕೆ 9ರಿಂದ 14 ಡಬ್ಬಿ ತಂಪು ಪಾನೀಯ ಕುಡಿಯಬೇಕು ಎಂದು ಅವರ ಲೆಕ್ಕ. ಹೊಳೆಗೆ ಹಾಕಿದರೂ ಅಳೆದು ಹಾಕು ಎಂದು ನಮ್ಮ ಹಿರಿಯರು ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ.

ಹಾಗಂತ ಗುಳಿಗೆ ಅಮೃತ ಎಂದು ತಿಳಿಯಬಾರದು. ತೂಕ ಇಳಿಸಿಕೊಳ್ಳಲು ಇಂಥ ಸಿಹಿಗಳನ್ನು ನೆಚ್ಚಬೇಡಿ ಎಂದು ಅದೇ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿದೆ. ಬಹಳ ವರ್ಷ ಬಳಸಿದವರಲ್ಲಿ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿದ್ದು ಆ ಸಲಹೆಗೆ ಒಂದು ಕಾರಣ. ಗುಳಿಗೆಯಿಂದಲೇ ಆಯಿತೋ, ಮೊದಲೇ ಮೈ ಬೆಳೆದವರೇ ಗುಳಿಗೆಗೆ ಹೋದರೋ, ಅದು ಇನ್ನೂ ಇತ್ಯರ್ಥವಾಗಿಲ್ಲ. ಈ ಸಲಹೆ ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಹೇಳಿದ್ದಲ್ಲ ಎಂಬುದನ್ನೂ ಅವರೇ ಬರೆದಿದ್ದಾರೆ. ಅವರು ತಮ್ಮ ಡಾಕ್ಟರನ್ನು ಕೇಳಿ ಮಿತವಾಗಿ ಬಳಸಲಿ. ಆಸ್ಪರ್ಟೇಮ್ ಗುಳಿಗೆಯನ್ನು ಪಾಯಸಕ್ಕೆ ಹಾಕಿ ಕುದಿಸಿದರೆ ಸಿಹಿ ಉಳಿಯುವುದಿಲ್ಲ, ತಾಯಂದಿರು ಗಮನಿಸಬೇಕು. ಇನ್ನು ಒಂದು ಮಾತನ್ನು ಕಬ್ಬು ಬೆಳೆಯುವವರಾಗಿ ನಾವೇ ಹೇಳಬೇಕು. "ಸಕ್ಕರೆ ಬಿಟ್ಟಿದ್ದೀನಿ, ಬೆಲ್ಲ ಹಾಕ್ಕೋತೀನಿ, ಏನೂ ಆಗಲ್ಲ" ಅನ್ನುವವರು ನಮ್ಮಲ್ಲಿ ಬಹಳ. ಬೆಲ್ಲದಲ್ಲಿ ಹೆಚ್ಚಿನ ಪಾಲು ಇರುವುದು ಅದೇ ಸಕ್ಕರೆಯೇ. ರಕ್ತದಲ್ಲಿ ಅದೂ ಸಕ್ಕರೆಯನ್ನು ಏರಿಸುತ್ತದೆ. ಬೆಲ್ಲ ಮಾರಾಟವಾಗಲಿ ಎಂದು ಇದನ್ನು ಮುಚ್ಚಿಡುವುದು ಸಂಘಕ್ಕೆ ಶೋಭೆಯಲ್ಲ.

ಇಷ್ಟೆಲ್ಲ ಜಗಳ ನಡೆದಿರುವುದು ಹೆಸರು ಬರೆದ, ಅಳತೆ ಇರುವ ಪದಾರ್ಥದ ಮೇಲೆ. ಪೊಟ್ಟಣ ತಿರುಗಿಸಿ ನೋಡಿದರೆ ಕೃತಕ ಸಿಹಿ ಇದೆ ಎಂದು ಅಚ್ಚು ಹಾಕಿರುತ್ತಾರೆ. ನಮಗೆ ಹೆದರಿಕೆ ಇರುವುದು ಹೆಸರೇ ಇಲ್ಲದೆ ಊರೊಳಗೆ ಬರುವ ಸಿಹಿ, ಬಣ್ಣಗಳ ಮೇಲೆ. ಜಾತ್ರೆಯಲ್ಲಿ ಸೈಕಲ್ ಮೇಲೆ ಬರುವ ಐಸ್‌ಕ್ಯಾಂಡಿಯನ್ನೇ ತೆಗೆದುಕೊಳ್ಳಿ. ಅದು ಸಕ್ಕರೆಯೋ ಸ್ಯಾಕರೀನೋ ಕೊಳ್ಳುವ ಮಗುವಿಗೆ ಗೊತ್ತಿಲ್ಲ. ಸ್ಯಾಕರೀನಿಗೆ ತಜ್ಞರ ಸಮಿತಿ ಇಟ್ಟ ಮಿತಿ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂ. 20 ಕೆ.ಜಿ. ತೂಗುವ ಮಗುವಿಗೆ 100 ಮಿಲಿಗ್ರಾಂ ಆಯಿತು, ಒಂದು ಚಿಟಿಕೆ ಕೂಡ ಅಲ್ಲ. ಚಮಚದಲ್ಲೋ ಬೆರಳಲ್ಲೋ ಅಂದಾಜಿಗೆ ಹಾಕಿದರೆ ಯಾವ ಕಡ್ಡಿಯಲ್ಲಿ ಎಷ್ಟು ಹೋಯಿತು ಎಂದು ಹಾಕಿದವನಿಗೂ ತಿಳಿಯದು.

ಬಣ್ಣದ ಸಂಗತಿ ಇನ್ನೂ ಕೆಟ್ಟದ್ದು. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯವರು ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷೆ ಮಾಡಿಸಿದ ವಿವರ ಕೊಟ್ಟರು. 107ರಲ್ಲಿ ಹಾಕಬಾರದ ಕೃತಕ ಬಣ್ಣ ಸಿಕ್ಕಿತ್ತು. ಮಕ್ಕಳು ಬೊಂಬಾಯಿ ಮಿಠಾಯಿ ಅನ್ನುತ್ತಾರಲ್ಲ, ಅದರ 25 ಮಾದರಿಗಳಲ್ಲಿ 15 ಹಾಗೇ ಇದ್ದವು. ಸಿಕ್ಕ ಬಣ್ಣಗಳಲ್ಲಿ ರೋಡಮೈನ್-ಬಿ ಎಂಬುದೂ ಒಂದು. ಅದು ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ, ಯಾವ ತಿನಿಸಿಗೂ ಅದಕ್ಕೆ ಒಪ್ಪಿಗೆ ಇಲ್ಲ. ಟಾರ್ಟ್ರಜೀನ್ ಎಂಬ ಹಳದಿ ಬಣ್ಣಕ್ಕೆ ಕೆಲವು ಸಿಹಿತಿಂಡಿ, ಪಾನೀಯಗಳಲ್ಲಿ ಮಿತಿಯೊಳಗೆ ಒಪ್ಪಿಗೆ ಇದೆ, ಗೋಬಿಗೆ ಇಲ್ಲ. ಸರ್ಕಾರ ಬಣ್ಣ ಬಳಸುವುದನ್ನು ನಿಷೇಧಿಸಿತು, ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ನಿಷೇಧ ಬಂತು. ಗೋಬಿಗೆ ಕೆಂಪು ಬಣ್ಣ ಇಲ್ಲದಿದ್ದರೆ ರುಚಿ ಏನು ಕಡಿಮೆಯಾಗುತ್ತದೆ ಹೇಳಿ? ಕಣ್ಣಿಗೆ ಚಂದ ಕಾಣಲಿ ಎಂಬುದೊಂದೇ ಕಾರಣ.

ಕಣ್ಣಿಗೆ ಚಂದ ಕಾಣಲಿ ಎಂಬ ಮಾತಿಗೆ ಬಂದ ಮೇಲೆ ನಮ್ಮ ಆಲೆಮನೆಯ ಬಾಗಿಲಿಗೂ ಬಂದೆವು. ಮಂಡ್ಯ ಸೀಮೆಯ ಬೆಲ್ಲ ಅಂದರೆ ನಾಡಿಗೆಲ್ಲ ಹೆಸರು. ಆದರೆ ಮಂಡಿಯಲ್ಲಿ ಬೆಲ್ಲಕ್ಕೆ ಬೆಲೆ ಕಟ್ಟುವುದು ನಾಲಿಗೆಯಿಂದ ಅಲ್ಲ, ಕಣ್ಣಿನಿಂದ. ಹಳದಿಯಾಗಿ ಹೊಳೆಯುವ ಅಚ್ಚಿಗೆ ಒಂದು ಧಾರಣೆ, ಕಂದುಬಣ್ಣದ್ದಕ್ಕೆ ಇನ್ನೊಂದು. ಚೌಳು ಭೂಮಿಯ ಕಬ್ಬು, ಕಟಾವು ತಡವಾದ ಕಬ್ಬು, ಇವುಗಳ ಹಾಲು ಕಪ್ಪಾಗಿಯೇ ಬರುತ್ತದೆ. ಬೆಳೆದವನು ಏನು ಮಾಡಿಯಾನು? ಕೊಪ್ಪರಿಗೆ ಕುದಿಯುವಾಗ ಹೈಡ್ರೋಸ್ ಎಂಬ ಬಿಳಿ ಪುಡಿ ಬೀಳುತ್ತದೆ. ಸೋಡಿಯಂ ಹೈಡ್ರೋಸಲ್ಫೈಟ್ ಎಂದು ಅದರ ಪೂರ್ತಿ ಹೆಸರು, ಬಟ್ಟೆಯ ಬಣ್ಣ ತೆಗೆಯಲು ಬಳಸುವ ವಸ್ತು. ನೋಡನೋಡುತ್ತಲೇ ಪಾಕ ಬೆಳ್ಳಗಾಗುತ್ತದೆ. ಆದರೆ ಆ ಬೆಳಪು ಬಹಳ ದಿನ ನಿಲ್ಲುವುದಿಲ್ಲ. ಇಟ್ಟ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಗಂಧಕದ ಅಂಶ ಮಾತ್ರ ಒಳಗೆ ಉಳಿಯುತ್ತದೆ. ಕೆಲವು ಉಬ್ಬಸದವರಿಗೆ ಅದು ಉಬ್ಬಸ ಕೆರಳಿಸಬಲ್ಲದು. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 70 ಭಾಗ ಮೀರಬಾರದು, ಅಂದರೆ ಕೆ.ಜಿ.ಗೆ 70 ಮಿಲಿಗ್ರಾಂ ಎಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಹಿಡಿಯಲ್ಲಿ ತೆಗೆದು ಕೊಪ್ಪರಿಗೆಗೆ ಎಸೆಯುವ ಕಡೆ ಮಿಲಿಗ್ರಾಂ ಲೆಕ್ಕ ಎಲ್ಲಿ ಬಂತು?

ಹೈಡ್ರೋಸ್ ಇಲ್ಲದೆ ಬೆಲ್ಲ ಮಾಡಲು ಬರುವುದಿಲ್ಲವೇ ಅಂದರೆ, ಬರುತ್ತದೆ. ಬೆಂಡೆಗಿಡದ ಕಾಂಡ ಜಜ್ಜಿ ನೀರಲ್ಲಿ ನೆನೆಸಿದ ಲೋಳೆಯನ್ನು ಹಾಕಿದರೆ ಹಾಲಿನ ಕೊಳೆಯೆಲ್ಲ ಮಡ್ಡಿಯಾಗಿ ಮೇಲೆ ಬರುತ್ತದೆ, ಜಾಲರಿಯಲ್ಲಿ ತೆಗೆದು ಹಾಕಬಹುದು. ಹಿಂದಿನವರು ಮಾಡುತ್ತಿದ್ದದ್ದೂ ಅದೇ, ಸುಣ್ಣವನ್ನು ಹದವಾಗಿ ಹಾಕುವುದೂ ಇತ್ತು. ಬೆಲ್ಲ ಶುಚಿಯಾಗಿರುತ್ತದೆ, ಬಣ್ಣ ಮಾತ್ರ ಕಂದೇ. ಆದ್ದರಿಂದ ಆಲೆಮನೆಯವನನ್ನು ಒಬ್ಬನನ್ನೇ ಬೈದು ಪ್ರಯೋಜನ ಇಲ್ಲ. ಹಳದಿ ಬೆಲ್ಲವನ್ನೇ ಕೇಳಿ ಕೊಳ್ಳುವ ಪೇಟೆಯವರೂ, ಕಂದು ಬೆಲ್ಲಕ್ಕೆ ಮೂಗು ಮುರಿಯುವ ದಲ್ಲಾಳಿಯೂ ಇದರಲ್ಲಿ ಪಾಲುದಾರರು. ಒಬ್ಬನೇ ರೈತ ಕಂದು ಬೆಲ್ಲ ಹೊತ್ತು ಮಂಡಿಗೆ ಹೋದರೆ ಗಾಡಿ ಬಾಡಿಗೆಯೂ ಹುಟ್ಟದೆ ಬರುತ್ತಾನೆ. ಹತ್ತು ಜನ ಕೂಡಿ ಮಾಡುವುದಕ್ಕೇ ಅಲ್ಲವೇ ಸಹಕಾರ ಸಂಘ ಅಂತ ಇರುವುದು?

ಹಾಗಾಗಿ ಆಡಳಿತ ಮಂಡಳಿಯ ಮುಂದೆ ಎರಡು ಬೇಡಿಕೆ ಇಡುತ್ತೇವೆ. ಸಂಘದ ಅಂಗಡಿಯಲ್ಲಿ ಮಾರುವ ಬೆಲ್ಲದ ಪೆಟ್ಟಿಗೆಯ ಮೇಲೆ ಯಾರ ಆಲೆಮನೆಯದು, ಏನು ಹಾಕಿ ಮಾಡಿದ್ದು ಎಂದು ಒಂದು ಹಲಗೆಯಲ್ಲಿ ಬರೆಯಲಿ. ಹೈಡ್ರೋಸ್ ಹಾಕಿದ್ದರೆ ಹಾಕಿದೆ ಎಂದೇ ಬರೆಯಲಿ, ಕೊಳ್ಳುವವರು ಕಣ್ಣುಬಿಟ್ಟು ಕೊಳ್ಳಲಿ. ಬರೆದದ್ದು ನಿಜವೋ ಅಂತ ನೋಡುವ ದಾರಿಯೂ ಕಾನೂನಿನಲ್ಲಿದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನ ಪ್ರಕಾರ, ಇನ್ಸ್‌ಪೆಕ್ಟರು ಬರುವವರೆಗೆ ಕಾಯಬೇಕಾಗಿಲ್ಲ, ಕೊಂಡ ಗ್ರಾಹಕನೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕಳಿಸುತ್ತೇನೆ ಎಂದು ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಬೇಕು. ಪದಾರ್ಥ ನಿಯಮಕ್ಕೆ ವಿರುದ್ಧ ಎಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸು. ವರ್ಷಕ್ಕೆ ಎರಡು ಸಲ, ಆಲೆ ಆಡುವ ಕಾಲದಲ್ಲಿ ಒಮ್ಮೆ, ಊರ ಹಬ್ಬದ ಮುಂಚೆ ಒಮ್ಮೆ, ಸಂಘದ ಖರ್ಚಿನಲ್ಲೇ ಹೀಗೆ ಮಾಡಿಸಿ ವರದಿಯನ್ನು ನೋಟೀಸು ಬೋರ್ಡಿಗೆ ಹಾಕಬೇಕು. ಐಸ್‌ಕ್ಯಾಂಡಿ, ಬಣ್ಣದ ಮಿಠಾಯಿಗಳನ್ನೂ ಸೇರಿಸಿಕೊಳ್ಳಲಿ.

ಎರಡನೆಯದು ದುಡ್ಡಿನ ಮಾತು, ಸ್ವಲ್ಪ ಕಷ್ಟದ್ದೇ. ಹೈಡ್ರೋಸ್ ಹಾಕದ ಬೆಲ್ಲಕ್ಕೆ ಮಂಡಿಯಲ್ಲಿ ಕ್ವಿಂಟಾಲಿಗೆ ಎಷ್ಟು ಕಡಿಮೆ ಬೀಳುತ್ತದೋ ಆ ವ್ಯತ್ಯಾಸವನ್ನು ಸಂಘ ತುಂಬಿಕೊಟ್ಟು ಆ ಬೆಲ್ಲವನ್ನು ತಾನೇ ಕೊಳ್ಳಬೇಕು. ಎಲ್ಲರಿಂದಲೂ ಬೇಡ, ಮೊದಲ ವರ್ಷ ಒಪ್ಪಿ ಮುಂದೆ ಬರುವ ನಾಲ್ಕೈದು ಆಲೆಮನೆಗಳಿಂದ ಸಾಕು. ಲಾಭದಲ್ಲಿ ಸದಸ್ಯರಿಗೆ ಹಂಚುವ ಡಿವಿಡೆಂಡು ಇದರಿಂದ ಒಂದಿಷ್ಟು ಇಳಿದೀತು. "ನಮ್ ದುಡ್ಡಲ್ಲಿ ಇನ್ನೊಬ್ಬರ ಬೆಲ್ಲಕ್ಕೆ ಯಾಕ್ರೀ ಕೊಡ್ಬೇಕು" ಎಂದು ಕೇಳುವವರು ಇದ್ದೇ ಇರುತ್ತಾರೆ, ಕೇಳಲಿ, ಕೇಳುವ ಹಕ್ಕು ಅವರಿಗಿದೆ. ಆ ಪ್ರಶ್ನೆಯನ್ನು ಅಂಗಡಿ ಕಟ್ಟೆಯ ಮೇಲೆ ಬಿಡುವುದು ಬೇಡ. ಬರುವ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಒಂದು ವಿಷಯವಾಗಿ ಸೇರಿಸಬೇಕೆಂದು ಅಧ್ಯಕ್ಷರಿಗೆ ಬರೆದ ಅರ್ಜಿಯನ್ನು ಈಗಲೇ ಕಾರ್ಯದರ್ಶಿಗಳ ಕೈಗೆ ಕೊಡುತ್ತಿದ್ದೇವೆ. ಅದಕ್ಕೆ ಸಹಿ ಹಾಕುವ ಸದಸ್ಯರು ಊಟ ಮುಗಿಸಿ ಕಚೇರಿಯ ಹತ್ತಿರ ಬರಬೇಕು.